ಬೀಗರೂಟದ ಕಹಿ ಮುದ್ದೆ

ಮುದ್ದೆ ಕಹಿಯಾಗಿತ್ತು. ಆ ಕಹಿ ಹೊಗೆಸೊಪ್ಪಿನದು, ಬಂದದ್ದು ನಮ್ಮ ಕೈಯಿಂದ. ನಡೆದದ್ದು ಇಷ್ಟೇ. ಮಾನ ಹೋಯಿತು, ಮರ್ಯಾದೆ ಹೋಯಿತು, ಇನ್ನು ತಲೆ ಎತ್ತುವ ಹಾಗಿಲ್ಲ ಎಂದು ಆ ದಿನ ನಮ್ಮ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರಲ್ಲ, ಅದೆಲ್ಲ ಆಮೇಲೆ ಹಾಕಿದ ಒಗ್ಗರಣೆ.

ನಮ್ಮದು ಗಾವಡಗೆರೆ ಕಡೆಯ ಊರು. ರಾಗಿ, ಹುರುಳಿ, ಹೊಗೆಸೊಪ್ಪು ಬೆಳೆಯುವ ಹೊಲ. ಮೊಮ್ಮಗಳನ್ನು ಕೊಟ್ಟದ್ದು ಕೆ.ಆರ್. ನಗರ ದಾಟಿ ಹೊಸ ಅಗ್ರಹಾರದ ಹತ್ತಿರಕ್ಕೆ. ಅವರದು ನಾಲೆ ನೀರು, ಭತ್ತ, ಕಬ್ಬು. ಅವರು ನಮ್ಮನ್ನು ಹೊಗೆಸೊಪ್ಪಿನವರು ಅನ್ನುತ್ತಾರೆ, ನಾವು ಅವರನ್ನು ಕೆಸರು ತುಳಿಯುವವರು ಅನ್ನುತ್ತೇವೆ. ಬೆಳಿಗ್ಗೆ ಕಾಫಿ ಕುಡಿದು ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮುಂಚೆ ತಲುಪಬಹುದು, ಅಷ್ಟೇ ದೂರ. ಆದರೆ ಅವರ ನಾಲಿಗೆಯೇ ಬೇರೆ, ನಮ್ಮ ನಾಲಿಗೆಯೇ ಬೇರೆ. ಅದು ನನಗೆ ಗೊತ್ತಾದದ್ದು ಬೀಗರೂಟದ ದಿನ.

ಬೀಗರೂಟ ಎಂದರೆ ಮದುವೆಯಾದ ಮೇಲೆ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಕರೆದು ಹಾಕುವ ಬಾಡೂಟ. ಮದುವೆಯಲ್ಲಿ ಪಾಯಸ ತಿಂದು ಸಪ್ಪಗಾದ ಬಾಯಿಗಳೆಲ್ಲ ಇದಕ್ಕೇ ಕಾದಿರುತ್ತವೆ. ಉಂಡು, ಎಲೆ ಅಡಿಕೆ ಹಾಕಿಕೊಂಡು, ಸಂಜೆಗೆ ಹುಡುಗಿಯನ್ನು ಕರೆದುಕೊಂಡು ಹೊರಡುತ್ತಾರೆ. ಮದುವೆಯಲ್ಲಿ ಏನು ತಪ್ಪಿದರೂ ಛತ್ರದವರ ಮೇಲೆ ಹಾಕಬಹುದು, ಪುರೋಹಿತರ ಮೇಲೆ ಹಾಕಬಹುದು. ಬೀಗರೂಟದಲ್ಲಿ ತಪ್ಪಿದರೆ ಹಾಕಲು ಯಾರೂ ಸಿಗುವುದಿಲ್ಲ. ಅದು ಮನೆಯ ಹೆಂಗಸರ ತಲೆಗೇ ಬರುತ್ತದೆ.

ಆ ವರ್ಷ ಮಳೆ ತಡವಾಗಿ ಸೊಪ್ಪು ಹಿಂದೆ ಬಿದ್ದಿತ್ತು. ದೀಪಾವಳಿ ಕಳೆದು ಮದುವೆ ಮುಗಿದರೂ ತುದಿಯೆಲೆ ಹೊಲದಲ್ಲೇ ಇತ್ತು. ಹೊಗೆಸೊಪ್ಪು ಮದುವೆ ನೋಡಿಕೊಂಡು ಹಣ್ಣಾಗುವುದಿಲ್ಲ. ಹಣ್ಣಾದ ಎಲೆಯನ್ನು ಮುರಿದ ಮೇಲೆ ರಾಶಿ ಹಾಕಿ ಇಡುವಂತಿಲ್ಲ, ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ, ಅಂದರೆ ಸೊಪ್ಪನ್ನು ಬಿಸಿಯಲ್ಲಿ ಹದ ಮಾಡುವ ಮನೆಗೆ, ಏರಿಸಲೇಬೇಕು. ಹಿಂದಿನ ದಿನ ಮುರಿದದ್ದರಲ್ಲಿ ಒಂದಿಷ್ಟು ಉಳಿದಿತ್ತು. ಬೀಗರು ಬರುವುದು ಮಧ್ಯಾಹ್ನಕ್ಕೆ ತಾನೆ ಎಂದು ಬೆಳಗಿನ ಜಾವವೇ ನಾನು, ನನ್ನ ಸೊಸೆ, ಪಕ್ಕದ ಮನೆಯ ಅಕ್ಕತಂಗಿಯರಿಬ್ಬರು ಕೂತು ಕಟ್ಟಿ ಮುಗಿಸಿದೆವು.

ಹಸಿ ಸೊಪ್ಪು ಕಟ್ಟಿದ ಕೈಗೆ ಒಂದು ಅಂಟು ಹಿಡಿಯುತ್ತದೆ. ಮೊದಲು ಹಳದಿ, ಆಮೇಲೆ ಕಪ್ಪು. ಸೋಪಿಗೆ ಅದು ಬಗ್ಗುವುದಿಲ್ಲ. ಟೊಮೆಟೊ ಕಾಯನ್ನು ಹಿಚುಕಿ ಆ ಹುಳಿಯಲ್ಲಿ ಕೈ ತಿಕ್ಕಬೇಕು, ಆಗ ಬಿಡುತ್ತದೆ. ಪ್ರತಿದಿನ ಹಾಗೇ ಮಾಡುತ್ತೇವೆ. ಅವತ್ತು ಟೊಮೆಟೊ ಗಿಡ ಇರುವ ಹಿತ್ತಲಿಗೆ ಹೋಗಲು ದಾರಿಯೇ ಇರಲಿಲ್ಲ. ಅಡುಗೆಯವರು ಅಲ್ಲೇ ಒಲೆ ಹೂಡಿ, ಹಂಡೆ, ಸೌದೆ, ಈರುಳ್ಳಿ ಮೂಟೆ ಎಲ್ಲ ಅಡ್ಡ ಇಟ್ಟುಕೊಂಡಿದ್ದರು. ಸೋಪು ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿಕೊಂಡೆವು. ಕಪ್ಪು ಹೋಯಿತು. ಕಪ್ಪು ಹೋದ ಮೇಲೆ ಕಹಿಯೂ ಹೋಯಿತು ಅಂದುಕೊಂಡೆವು.

ಹುಣಸೂರಿನಿಂದ ಬಂದ ಅಡುಗೆಯವನು ಮುದ್ದೆಯನ್ನು ತನ್ನ ಆಳುಗಳ ಕೈಲೇ ಕಟ್ಟಿಸುತ್ತೇನೆ ಅಂದ. ನಾನು ಬೇಡ ಅಂದೆ. ತೊಳಸುವುದು ಗಂಡಸರು ತೊಳಸಲಿ, ಅಷ್ಟು ದೊಡ್ಡ ಹಂಡೆಗೆ ಹೆಂಗಸರ ರಟ್ಟೆ ಸಾಲದು. ಆದರೆ ಬೀಗರ ಮುದ್ದೆಗೆ ಮನೆ ಹೆಂಗಸರ ಕೈ ಬೀಳಬೇಕು, ನಮ್ಮಲ್ಲಿ ಅದು ಪದ್ಧತಿ ಅಂದೆ. ಬಿತ್ತು. ಬಿಸಿ ಹಿಟ್ಟು, ಪಕ್ಕದಲ್ಲಿ ಬೋಗುಣಿ ನೀರು, ನೀರಿಗೆ ಅದ್ದಿದ ನಾಲ್ಕು ಜೊತೆ ಕೈ. ಉಳಿದಿದ್ದ ಅಂಟೆಲ್ಲ ಕರಗಿ ಮುದ್ದೆಯ ಮೈಗೆ ಹತ್ತಿತು. ಒಂದೊಂದು ಮುದ್ದೆಯೂ ನುಣ್ಣಗೆ ಗುಂಡುಕಲ್ಲಿನ ಹಾಗೆ ಹೊಳೆಯುತ್ತಿತ್ತು. ನೋಡಿ ನಾನೇ ಬೀಗಿದೆ.

ಮೊದಲ ಪಂಕ್ತಿಗೆ ಗಂಡಿನ ಕಡೆಯ ಹೆಂಗಸರು, ಮದುಮಗ, ಅವನ ಪಕ್ಕ ನನ್ನ ಮೊಮ್ಮಗಳು. ಅವರೆದುರಿಗೆ ಮದುಮಗನ ಸೋದರತ್ತೆ. ಅವನ ತಾಯಿ ಮಾತು ಕಡಿಮೆ, ಆ ಮನೆಯ ಮಾತನ್ನೆಲ್ಲ ಆಡುವವಳು ಈ ಸೋದರತ್ತೆ. ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬೇಕು. ರೇಷ್ಮೆ ಸೀರೆ, ತುಂಬಿದ ಮೈ, ದೊಡ್ಡ ಗಂಟಲು. ಮದುವೆಯಲ್ಲಿ ನಮ್ಮ ಛತ್ರದ ಫ್ಯಾನಿಗೂ ಒಂದು ಹೆಸರಿಟ್ಟು ಹೋಗಿದ್ದಳು.

ಅವಳು ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ ನುಂಗಿದಳು. ಇನ್ನೊಂದು ತುತ್ತು ನುಂಗಿ, ನಾಲಿಗೆಯನ್ನು ಬಾಯೊಳಗೇ ಒಂದು ಸುತ್ತು ತಿರುಗಿಸಿದಳು. ನಾನು ಸಾರಿನ ಬಕೆಟ್ಟಿನ ಹತ್ತಿರ ನಿಂತು ನೋಡುತ್ತಿದ್ದೆ. ಆ ಸಾಲಿನಲ್ಲಿ ಒಬ್ಬೊಬ್ಬರಾಗಿ ಬಾಯಾಡಿಸುವುದು ನಿಂತಿತು. ಒಬ್ಬಳು ನೀರು ಕುಡಿದಳು, ಇನ್ನೊಬ್ಬಳು ಎಲೆಯ ಮೂಲೆಗೆ ಉಗುಳಿದಳು.

"ಎಣ್ ಕೊಟ್ಟೋರು ಇಸಾನೂ ಕೊಟ್ಟವ್ರೆ ಕಣ್ರವ್ವ" ಅಂದಳು ಸೋದರತ್ತೆ.

ಕೂಗಿ ಹೇಳಲಿಲ್ಲ. ಆದರೆ ಅವಳ ಗಂಟಲಿಗೆ ಕೂಗುವ ಅಗತ್ಯವಿಲ್ಲ. ಶಾಮಿಯಾನದ ಆ ತುದಿಯವರೆಗೂ ಕೇಳಿಸಿತು. ಕೆಲವರು ನಕ್ಕರು, ಕೆಲವರು ನಗಬಾರದೆಂದು ತಲೆ ಬಗ್ಗಿಸಿದರು. ನನ್ನ ಮೊಮ್ಮಗಳು ಎಲೆ ಬಿಟ್ಟು ಎದ್ದಳು. ಕೈ ಕೂಡ ತೊಳೆಯದೆ ಒಳಗೆ ಹೋಗಿ ಕೋಣೆ ಬಾಗಿಲು ಹಾಕಿಕೊಂಡಳು. ಬೀಗರ ಜೊತೆ ಕೂತ ಹೆಣ್ಣು ಉಣ್ಣುತ್ತಾ ಉಣ್ಣುತ್ತಾ ಎಲೆ ಬಿಟ್ಟು ಏಳುವುದು ಸಣ್ಣ ಮಾತಲ್ಲ. ಈಗ ಅವರ ಮುಖವೂ ಬಿಗಿಯಿತು.

ನನ್ನ ಮಗ ಶಾಮಿಯಾನದ ಕಂಬ ಹಿಡಿದುಕೊಂಡು ಮರ್ಯಾದೆ ಹೋಯಿತು ಅಂದ. ಗಂಡಸರಿಗೆ ಮೊದಲು ಹೋಗುವುದೇ ಅದು. ಮರ್ಯಾದೆ ಪಂಚೆಯ ಹಾಗೆ, ಉಟ್ಟವನಿಗಿಂತ ನೋಡುವವರಿಗೆ ಹೆಚ್ಚು ಕಾಣುತ್ತದೆ. ಕೊಳೆಯಾದರೆ ಒಗೆದು ಮತ್ತೆ ಉಡಬಹುದು. ಸೊಸೆ ಮಾನವೇ ಹೋಯಿತು ಅಂದಳು. ಅವಳನ್ನು ಗದರಿಸಿದೆ. ಮಾನ ಅಷ್ಟು ಸಸ್ತಾ ಇಲ್ಲ, ಒಂದು ಹಂಡೆ ಮುದ್ದೆಗೆ ಹೋಗುವುದಾದರೆ ಅದು ಇದ್ದೂ ಇಲ್ಲದ ಹಾಗೆ. ಪಕ್ಕದ ಮನೆಯ ಅಕ್ಕ ತನ್ನ ಕೈಯನ್ನು ತಾನೇ ಮೂಸಿಕೊಳ್ಳುತ್ತಿದ್ದಳು, ತಂಗಿ ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. ಅವರದು ಮುಜುಗರ. ಮುಜುಗರದಲ್ಲಿ ತಪ್ಪು ಯಾರದೂ ಇರಬೇಕಾಗಿಲ್ಲ. ಆಸ್ಪತ್ರೆಯಲ್ಲಿ ಮೊಮ್ಮಗನ ವಯಸ್ಸಿನ ಡಾಕ್ಟರು ಹೊಟ್ಟೆ ಸರಿಯಾಗಿ ಹೋಗುತ್ತಾ ಅಜ್ಜಿ ಎಂದು ಹತ್ತು ಜನರ ಮುಂದೆ ಕೇಳುತ್ತಾನಲ್ಲ, ಆಗ ಆಗುವುದು ಅದು. ಹೊರಗೆ ಬಂದು ಎಳನೀರು ಕುಡಿದರೆ ಮರೆತುಹೋಗುತ್ತದೆ.

ಪೆಚ್ಚಾಗುವುದು ಇನ್ನೊಂದು. ಒಂದು ಸಲ ಕೆ.ಆರ್. ನಗರದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ತಂಗಿ ಎಂದುಕೊಂಡು ಒಬ್ಬಳ ಬೆನ್ನಿಗೆ ಹಿಂದಿನಿಂದ ಗುದ್ದಿ, ಎಲ್ಲಿ ಸತ್ತಿದ್ದೆ ಇಷ್ಟು ದಿನ ಎಂದು ಕೇಳಿದ್ದೆ. ತಿರುಗಿದವಳು ಯಾರೋ. ಅವಳೂ ಪೆಚ್ಚು, ನಾನೂ ಪೆಚ್ಚು. ಪಿರಿಯಾಪಟ್ಟಣದವಳಂತೆ. ಬಸ್ಸು ಬರುವವರೆಗೆ ಕಡಲೆಕಾಯಿ ಹಂಚಿಕೊಂಡು ತಿಂದೆವು. ಪೆಚ್ಚಿಗೆ ಆಯಸ್ಸು ಅಷ್ಟೇ.

ನಾಚಿಕೆ ಅಂದರೆ ನಮ್ಮೊಳಗೇ ಇರುವಂಥದ್ದು. ಇರಬೇಕು ಕೂಡ. ನಾಚಿಕೆ ಇಲ್ಲವಾ ನಿನಗೆ ಎಂದು ಬೈಯುತ್ತಾರೆ, ಅವಮಾನ ಇಲ್ಲವಾ ನಿನಗೆ ಎಂದು ಯಾರೂ ಬೈಯುವುದಿಲ್ಲ. ಅವಮಾನ ಇನ್ನೊಬ್ಬರು ತಂದು ಹಾಕುವುದು.

ನನಗೆ ಭಯ ಇದ್ದದ್ದು ಇವು ಯಾವುದರದೂ ಅಲ್ಲ. ಮೂದಲಿಕೆಯದು. ಮೂದಲಿಕೆ ಒಂದು ದಿನದ್ದಲ್ಲ. ಒಮ್ಮೆ ಆದದ್ದನ್ನು ಎತ್ತಿಟ್ಟುಕೊಂಡು, ಬೇಕಾದಾಗ ತೆಗೆದು ತೆಗೆದು ತೋರಿಸುವುದು.

ನನ್ನ ಮದುವೆಯಲ್ಲಿ ಕೊನೆಯ ಪಂಕ್ತಿಗೆ ಪಾಯಸ ಸಾಲಲಿಲ್ಲ. ನಮ್ಮಪ್ಪ ಏನು ಮಾಡಬೇಕೆಂದು ತಿಳಿಯದೆ ತಲೆ ತಗ್ಗಿಸಿಕೊಂಡು ನಿಂತುಬಿಟ್ಟರು. ನಮ್ಮವ್ವ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಯಾರೂ ಒಂದು ಮಾತಾಡಲಿಲ್ಲ, ಯಾರೂ ನಗಲಿಲ್ಲ. ಆ ಎಲೆಗಳು ಹಾಗೇ ಎದ್ದವು. ಅಲ್ಲಿಂದ ನಮ್ಮತ್ತೆ ಬದುಕಿದ್ದಷ್ಟು ಕಾಲ, ಮನೆಯಲ್ಲಿ ಉಪ್ಪು ಮುಗಿಯಲಿ, ಸೀಮೆಎಣ್ಣೆ ಮುಗಿಯಲಿ, ಸೋಪು ಮುಗಿಯಲಿ, ನಿಮ್ಮಪ್ಪನ ಮನೆ ಪಾಯಸದಂಗೆ ಮುಗಿದೋಯ್ತಾ ಅನ್ನುತ್ತಿದ್ದಳು. ಕೆಟ್ಟ ಹೆಂಗಸಲ್ಲ ಆಕೆ. ನನ್ನ ಬಾಣಂತನವನ್ನು ತಾನೇ ಮಾಡಿದಳು, ಜ್ವರ ಬಂದರೆ ಕಾಲು ಒತ್ತಿದಳು. ಆದರೆ ಪಾಯಸ ಬಿಡಲಿಲ್ಲ. ಕೊನೆಗೆ ಹಾಸಿಗೆ ಹಿಡಿದು, ಮಾತ್ರೆ ಮುಗಿದ ದಿನವೂ ಅದನ್ನೇ ಅಂದಳು.

ಈಗ ಈ ಹುಡುಗಿಗೆ ಇಸ ಅನ್ನುವ ಮಾತು ಗಂಟು ಬೀಳುತ್ತದೆ. ಅವಳು ಮಾಡಿದ ಸಾರಿಗೆ ಹುಳಿ ಹೆಚ್ಚಾದರೆ ಇಸ, ಕಾಫಿ ಕಹಿಯಾದರೆ ಇಸ, ಹೆತ್ತ ಮಗು ಹಾಲು ಕಕ್ಕಿದರೂ ಇಸ. ಮೂವತ್ತು ವರ್ಷ. ಮೊದಲ ಪಂಕ್ತಿ ಇನ್ನೂ ಕೂತಿತ್ತು. ಎಲೆ ಎತ್ತುವುದರೊಳಗೆ ಆ ಮಾತನ್ನು ನಗೆಗೆ ತಿರುಗಿಸದಿದ್ದರೆ ಆಮೇಲೆ ಯಾವ ದೇವರ ಕೈಲೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ಕೋಣೆಗೆ ಹೋದೆ. ಬಾಗಿಲಿಗೆ ಚಿಲಕವಿಲ್ಲ, ತಳ್ಳಿದರೆ ತೆರೆದುಕೊಳ್ಳುತ್ತದೆ. ಮಂಚದ ಮೇಲೆ ಎಂಜಲು ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಅವಮಾನ ಆಯ್ತು ಕಣಜ್ಜಿ" ಅಂದಳು. "ನಾ ಓಗಲ್ಲ ಆ ಮನ್ಗೆ."

"ಯಾರ್ಗಾಯ್ತು?"

"ನಿಂಗೆ."

"ನಂಗಾಗಿದ್ರೆ ನಾನೇ ಏಳ್ತಿದ್ದೆ. ನಂಗೇನೂ ಆಗಿಲ್ಲ ಬುಡು."

ಅವಮಾನ ಹೇಗಿರುತ್ತದೆ ಎಂದು ನನಗೆ ಗೊತ್ತು, ಅದಕ್ಕೇ ಹಾಗಂದೆ. ನನ್ನ ಗಂಡ ತೀರಿಕೊಂಡ ಮರುವರ್ಷ ಎಚ್.ಡಿ. ಕೋಟೆಯಲ್ಲಿ ನೆಂಟರ ಹುಡುಗಿಯ ಮದುವೆ. ಅರಿಶಿನ ಹಚ್ಚುವಾಗ ನಾನೂ ಕೈ ಮುಂದೆ ಮಾಡಿದೆ. ಒಬ್ಬಳು ನನ್ನ ಮಣಿಕಟ್ಟು ಹಿಡಿದು, ನೀನು ಬೇಡ, ಹಿಂದಕ್ಕೆ ನಿಂತುಕೋ ಅಂದಳು. ಮೆಲ್ಲಗೇ ಅಂದಳು. ತಾನು ಏನು ಅನ್ನುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು, ಸುತ್ತ ನಿಂತವರಿಗೂ ಗೊತ್ತಿತ್ತು. ಅದು ಅವಮಾನ. ಎಷ್ಟು ತಿರುಗಿಸಿ ನೋಡಿದರೂ ಅದರಲ್ಲಿ ನಗಲು ಒಂದು ಜಾಗ ಸಿಗುವುದಿಲ್ಲ. ಈ ಹುಡುಗಿಗೆ ಆ ಕತೆ ಗೊತ್ತು. ತನ್ನ ಮದುವೆಯಲ್ಲಿ ಮೊದಲ ಅರಿಶಿನ ಅಜ್ಜಿಯೇ ಹಚ್ಚಬೇಕೆಂದು ಹಸೆಮಣೆಯ ಮೇಲೆ ಹಟ ಹಿಡಿದು ಕೂತಳು. ಹಚ್ಚಿದೆ. ಏನೂ ಆಗಲಿಲ್ಲ, ಆಕಾಶ ಬೀಳಲಿಲ್ಲ.

ಇದನ್ನು ಅದರ ಜೊತೆ ಸೇರಿಸಬೇಡ ಅಂದೆ. ಆ ಹೆಂಗಸಿಗೆ ಮುದ್ದೆ ಕಹಿ ಹತ್ತಿತು, ಕಹಿ ಅಂದಳು. ಬಾಯಿ ಸ್ವಲ್ಪ ದೊಡ್ಡದು, ಇಸ ಅಂದಳು. ನಾವು ಬೇಕೆಂದು ಮಾಡಲಿಲ್ಲ, ಅವಳು ಸುಳ್ಳು ಹೇಳಲಿಲ್ಲ. ಇದು ನಗೆಪಾಟಲು. ನಗೆಪಾಟಲಾದಾಗ ಓಡಿಹೋದರೆ ಅವರು ನಮ್ಮನ್ನು ನೋಡಿ ನಗುತ್ತಾರೆ, ಅಲ್ಲೇ ನಿಂತು ನಾವೇ ಮೊದಲು ನಕ್ಕರೆ ಜೊತೆಯಲ್ಲಿ ನಗುತ್ತಾರೆ. ಅಷ್ಟೇ ವ್ಯತ್ಯಾಸ.

ಆಗ ಹೊರಗಿನಿಂದ ಒಂದು ಸದ್ದು ಬಂತು. ಬಿಕ್ಕಳಿಕೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ನಾನು ಕಿಟಕಿಯಲ್ಲಿ ಬಗ್ಗಿ ನೋಡಿದೆ. ಮದುಮಗ. ಅವನ ಎಲೆಯ ಮೇಲೆ ಮುದ್ದೆ ಇರಲಿಲ್ಲ. ಅತ್ತೆಮನೆಯಲ್ಲಿ ಇಟ್ಟದ್ದನ್ನು ಬೇಡ ಅನ್ನಬಾರದೆಂದು, ಸಂಕೋಚಕ್ಕೆ, ಆ ಕಹಿಯನ್ನು ಪೂರ್ತಿ ನುಂಗಿಬಿಟ್ಟಿದ್ದ. ಹೊಗೆಸೊಪ್ಪು ಹೊಟ್ಟೆಗೆ ಹೋದರೆ ಬಿಕ್ಕಳಿಕೆ ಬಾರದೆ ಇನ್ನೇನು? ಅದು ನನಗೆ ಹೊಳೆದದ್ದು ಆಮೇಲೆ.

"ನಿನ್ ಗಂಡ ಇಡೀ ಮುದ್ದೆ ನುಂಗವ್ನೆ ಕಣೆ" ಅಂದೆ. "ಒಂದ್ ಮಾತಾಡ್ಲಿಲ್ಲ. ನೋಡ್ಬಾ, ಕಪ್ಪೆ ವಟಗುಟ್ಟಿದಂಗೆ ಬಿಕ್ತಾ ಕೂತವ್ನೆ."

ಎದ್ದು ಬಂದು ಕಿಟಕಿಯಲ್ಲಿ ನೋಡಿದಳು. ಅವನು ನೀರು ಕುಡಿಯಲು ಲೋಟ ಎತ್ತಿದ, ಬಿಕ್ಕಳಿಕೆ ಬಂದು ನೀರೆಲ್ಲ ಹೊಸ ಷರ್ಟಿನ ಮೇಲೆ ಚೆಲ್ಲಿತು. ಹುಡುಗಿಗೆ ನಗು ತಡೆಯಲಾಗಲಿಲ್ಲ, ಮೂಗಿನಲ್ಲಿ ಬಂತು. ಅಷ್ಟು ಸಾಕಾಗಿತ್ತು ನನಗೆ. ಮುಖ ತೊಳೆದುಕೊಂಡು ಬಾ ಎಂದು ಹೇಳಿ ನಾನು ಮುಂದೆ ಹೋದೆ.

ಸೋದರತ್ತೆಯ ಎಲೆಯ ಮುಂದೆ ನಿಂತೆ. ಮುದ್ದೆಯನ್ನು ಪಕ್ಕಕ್ಕೆ ಸರಿಸಿ, ಬರೀ ಬಾಡು ತಿನ್ನುತ್ತಿದ್ದಳು.

"ಎಲ್ಲೈತೆ ಬೀಗ್ರೇ ಇಸ, ತೋರ್ಸಿ" ಅಂದೆ.

ಅವಳು ಉತ್ತರ ಕೊಡುವ ಮುಂಚೆ ಅವಳ ಎಲೆಯಿಂದಲೇ ಒಂದು ತುತ್ತು ಮುರಿದು, ಅವಳ ಸಾರಿನಲ್ಲೇ ಅದ್ದಿ ನುಂಗಿದೆ. ಎಂಜಲು ಗಿಂಜಲು ನೋಡಲಿಲ್ಲ. ಪಂಕ್ತಿ ಪೂರ್ತಿ ನನ್ನ ಗಂಟಲನ್ನೇ ನೋಡುತ್ತಿತ್ತು. ನಾನು ಕಾದೆ. ಕಹಿ ಬರಲಿಲ್ಲ. ನಿಜವಾಗಿಯೂ ಬರಲಿಲ್ಲ. ಇನ್ನೊಂದು ತುತ್ತು ನುಂಗಿದೆ. ಒಳ್ಳೆಯ ಮುದ್ದೆ, ಹದವಾಗಿ ಬೆಂದಿತ್ತು.

ಹಾಗೆಂದು ಹೇಳಿದೆ. ಸೋದರತ್ತೆ ನಾನು ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡಳು. ಮಗನನ್ನು ಕರೆದೆ. ಅವನು ನುಂಗಿದ, ಕಣ್ಣು ಮುಚ್ಚಿ ಯೋಚನೆ ಮಾಡಿದ, ಉಪ್ಪು ಒಂಚೂರು ಕಡಿಮೆ ಇರಬಹುದು ಅಂದ. ಸೊಸೆ ನುಂಗಿದಳು, ಪಕ್ಕದ ಮನೆಯ ಅಕ್ಕತಂಗಿಯರು ನುಂಗಿದರು. ಯಾರಿಗೂ ಏನೂ ಇಲ್ಲ. ನಮ್ಮೂರಿನ ಇನ್ನೂ ಒಬ್ಬಿಬ್ಬರು ತಾವೇ ಬಂದು ನೋಡಿದರು. ಚೆನ್ನಾಗೇ ಇದೆಯಲ್ಲ ಅಂದರು. ಗಂಡಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮಗೇ ಬಾಯಿ ಕೆಟ್ಟಿದೆಯೋ ಏನೋ ಎಂದು ಅವರಿಗೆ ಅನುಮಾನ ಹತ್ತಿತು.

ಆಗ ಸೋದರತ್ತೆ ಅಡುಗೆಯವನನ್ನು ಕರೆಸಿದಳು. ಅವನು ಹುಣಸೂರು ಪೇಟೆಯವನು, ಹೊಲ ಗಿಲ ಇಲ್ಲ. ಈ ಕಡೆಗೂ ಸೇರಿದವನಲ್ಲ, ಆ ಕಡೆಗೂ ಸೇರಿದವನಲ್ಲ. ಒಂದು ಚೂರು ಬಾಯಿಗೆ ಹಾಕಿಕೊಂಡ. ಮುಖ ಹುಳಿ ಹುಣಸೆಕಾಯಿ ಕಚ್ಚಿದ ಹಾಗಾಯಿತು. ತೊಟ್ಟಿಯ ಹತ್ತಿರ ಓಡಿ, ಉಗುಳಿ, ಬಾಯಿ ಮುಕ್ಕಳಿಸಿ ಬಂದ.

"ಅವ್ವಾ, ಇದು ಮುದ್ದೆ ಅಲ್ಲ ಕಣವ್ವ, ಒಗೆಸೊಪ್ಪಿನ ಉಂಡೆ" ಅಂದ.

ಆಗ ನನಗೆ ಎಲ್ಲ ಅರ್ಥವಾಯಿತು. ಬೆಳಗ್ಗೆ ಕಟ್ಟಿದ ಸೊಪ್ಪು, ತಿಕ್ಕದೆ ಬಿಟ್ಟ ಟೊಮೆಟೊ ಕಾಯಿ, ಬೋಗುಣಿಯ ನೀರು. ಎರಡೂ ಕೈಯನ್ನು ಸೋದರತ್ತೆಯ ಮುಂದೆ ಚಾಚಿದೆ. ಉಗುರಿನ ಸಂದಿಯಲ್ಲಿ ಕಪ್ಪು ಇನ್ನೂ ಇತ್ತು. ಸೊಪ್ಪು ಕಟ್ಟಲು ಶುರು ಮಾಡಿದ ತಿಂಗಳಿಂದ ಮುಗಿಯುವವರೆಗೆ ನಾವು ಇದೇ ಕೈಯಲ್ಲಿ ಉಣ್ಣುತ್ತೇವೆ, ಎಷ್ಟು ತಿಕ್ಕಿದರೂ ಒಂದಿಷ್ಟು ಉಳಿದೇ ಇರುತ್ತದೆ, ನಮ್ಮ ನಾಲಿಗೆಗೆ ಅದು ಕಹಿಯಲ್ಲ, ಸಾರಿಗೆ ಹಾಕಿದ ಉಪ್ಪಿನ ಹಾಗೆ ಎಂದು ಹೇಳಿದೆ.

ಅವಳು ನನ್ನ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಮೂಸಿದಳು. ಮೊದಲು ಅವಳ ಭುಜ ಅಲುಗಾಡಿತು, ಆಮೇಲೆ ಹೊಟ್ಟೆ.

"ನಾನು ಇಸ ಅಂತ ಬಾಯ್ ಬಡ್ಕೊಂಡ್ರೆ, ಇವ್ರು 'ಉಪ್ ಕಮ್ಮಿ' ಅಂತಾವ್ರಲ್ಲ ಕಣ್ರಪ್ಪ" ಅಂದಳು.

ಪಂಕ್ತಿ ಪೂರ್ತಿ ನಕ್ಕಿತು. ನನ್ನ ಮಗನೂ ಕಂಬ ಬಿಟ್ಟು ನಕ್ಕ. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಳು. ಮದುಮಗ ನಗಲು ಹೋಗಿ ಬಿಕ್ಕಳಿಸಿದ, ಅದಕ್ಕೆ ಮತ್ತೊಂದು ಸಲ ನಕ್ಕರು. ನಾನು ನಗುವಾಗ ನನ್ನ ಮೇಲಿನ ಹಲ್ಲಿನ ಸೆಟ್ಟು ಸಡಿಲವಾಯಿತು, ಕೈ ಅಡ್ಡ ಇಟ್ಟುಕೊಂಡೆ. ಅದನ್ನೂ ಅವಳು ನೋಡಿಬಿಟ್ಟಳು. ತನ್ನದೂ ಸೆಟ್ಟೇ ಎಂದು ಬಾಯಿ ತೆಗೆದು ತೋರಿಸಿದಳು.

ಇನ್ನು ಮುದ್ದೆ? ಹಂಡೆಯಲ್ಲಿ ಕಟ್ಟದ ಹಿಟ್ಟು ಇನ್ನೂ ಅರ್ಧ ಇತ್ತು, ಬಿಸಿಯಾಗಿಯೇ ಇತ್ತು. ಅಡುಗೆಯವನ ಆಳುಗಳನ್ನು ಕರೆಯಿರಿ ಅಂದೆ. ಸೋದರತ್ತೆ ಬೇಡ ಅಂದಳು. ಮನೆ ಹೆಂಗಸರ ಕೈಯೇ ಬೀಳಬೇಕಲ್ಲ ನಿಮ್ಮ ಪದ್ಧತಿಗೆ, ಈಗ ನಾವೂ ಮನೆಯವರೇ ಎಂದು ಎದ್ದಳು. ಕೈ ತೊಳೆದು, ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಲಗೆಯ ಮುಂದೆ ಕೂತಳು. ಉಣ್ಣಲು ಬಂದ ಬೀಗರು ತಮ್ಮ ಬೀಗರೂಟದ ಮುದ್ದೆಯನ್ನು ತಾವೇ ಕಟ್ಟಿಕೊಂಡದ್ದನ್ನು ನಾನು ಎಲ್ಲೂ ಕೇಳಿಲ್ಲ, ನೋಡಿಲ್ಲ. ನಾನು ಕೈ ಕಟ್ಟಿಕೊಂಡು ನಿಂತಿದ್ದೆ. ಏನು ಮಾಡಬೇಕೆಂದು ತೋಚದು, ಕೂರುವುದಕ್ಕೂ ಆಗದು, ಹೋಗುವುದಕ್ಕೂ ಆಗದು. ಮದುಮಗನಿಗೆ ಆದದ್ದು ಈಗ ನನಗಾಗಿತ್ತು.

"ಸಂಕೋಚ ಪಟ್ಕೊಂಡು ನಿಂತ್ರೆ ಸಾರು ಆರೋಯ್ತದೆ" ಅಂದಳು ಅವಳು. "ಒಸಿ ಅತ್ಲಾಗ್ ಸರೀರಿ, ಗಾಳಿ ಬರ್ಲಿ."

ಅವಳು ಕಟ್ಟಿದ ಮುದ್ದೆ ನಮ್ಮದರಷ್ಟು ನುಣ್ಣಗಿರಲಿಲ್ಲ. ನಾಲೆ ಕಡೆಯವರ ಕೈ ಅನ್ನಕ್ಕೇ ಸರಿ. ಆದರೆ ನಾನು ಹೇಳಲಿಲ್ಲ. ಆಗಲೇ ಮೊಮ್ಮಗಳು ಮುಖ ತೊಳೆದು, ಕುಂಕುಮ ಸರಿಮಾಡಿಕೊಂಡು ಬಂದಳು. ಎಲೆ ಬಿಟ್ಟು ಎದ್ದವಳು ಮತ್ತೆ ಅದೇ ಜಾಗಕ್ಕೆ ಬಂದು ಕೂರುವುದೂ ಸುಲಭವಲ್ಲ. ಎಲ್ಲರ ಕಣ್ಣು ಅವಳ ಮೇಲೆ. ಸೋದರತ್ತೆ ಮೊದಲ ಮುದ್ದೆಯನ್ನು ಕೈಯಲ್ಲೇ ತಂದು ಅವಳ ಎಲೆಗೆ ಇಟ್ಟಳು.

"ನಿಮ್ಮಜ್ಜಿ ಕೈ ಕಹಿ, ನನ್ ಬಾಯ್ ಕಹಿ" ಅಂದಳು. "ಸಮಾ ಓಯ್ತು. ನೀನ್ ಉಣ್ಣವ್ವ."

ಹುಡುಗಿ ಕೂತು ಉಂಡಳು. ಗಂಡನ ಬೆನ್ನನ್ನು ಎಡಗೈಯಲ್ಲಿ ಒಂದೆರಡು ಸಲ ತಟ್ಟಿದಳು, ಬಿಕ್ಕಳಿಕೆ ನಿಲ್ಲಲಿ ಎಂದು. ನಿಲ್ಲಲಿಲ್ಲ. ಎಲೆ ಎತ್ತುವ ಹೊತ್ತಿಗೆ ಪಂಕ್ತಿಯಲ್ಲಿ ಒಬ್ಬರಾದರೂ ಬಿಗಿಮುಖ ಮಾಡಿಕೊಂಡು ಕೂತಿರಲಿಲ್ಲ. ಅದನ್ನು ನಾನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿಕೊಂಡು ಬಂದೆ.

ಊಟವಾದ ಮೇಲೆ ಸೋದರತ್ತೆಗೆ ಬ್ಯಾರನ್ನು ನೋಡಬೇಕಾಯಿತು. ಇಷ್ಟು ವಯಸ್ಸಾದರೂ ಒಳಗೆ ಹೋಗಿ ನೋಡಿಲ್ಲವಂತೆ. ಕರೆದುಕೊಂಡು ಹೋದೆ. ಬಿಸಿಗೆ ಹಳದಿ ತಿರುಗುತ್ತಿದ್ದ ಎಲೆಗಳನ್ನು ಕತ್ತೆತ್ತಿ ನೋಡಿದಳು, ಆ ವಾಸನೆ ಎಳೆದುಕೊಂಡಳು, ಚೆನ್ನಾಗಿದೆ ಅಂದಳು. ಹೊರಗೆ ನೆರಳಿನಲ್ಲಿ ಮಧ್ಯಾಹ್ನ ಆಳು ತಂದು ಹಾಕಿದ್ದ ಹೊಸ ಎಲೆ ಬಿದ್ದಿತ್ತು. ಹೇಗೆ ಕಟ್ಟುತ್ತೀರಿ ಎಂದು ಕೇಳಿದಳು. ಎಲೆಗಳನ್ನು ಬೆನ್ನಿಗೆ ಬೆನ್ನು ಜೋಡಿಸಿ, ದಾರ ಸುತ್ತಿ, ಕಡ್ಡಿಯ ಈ ಕಡೆ ಒಂದು ಹಿಡಿ, ಆ ಕಡೆ ಒಂದು ಹಿಡಿ ಹಾಕಿ ತೋರಿಸಿದೆ. ತಾನೂ ಕೂತಳು. ಬೇಡ, ಅಂಟು ಹಿಡಿಯುತ್ತದೆ ಅಂದೆ. ನಾಟಿ ಹಾಕಿದ ಕೈ ಇದು, ಇದಕ್ಕೇನು ಹಿಡಿಯುತ್ತದೆ ಅಂದಳು. ಒಂದು ಕಡ್ಡಿ ಪೂರ್ತಿ ಕಟ್ಟಿದಳು. ಸಡಿಲವಾಗಿತ್ತು, ಅವಳು ಆ ಕಡೆ ತಿರುಗಿದಾಗ ನಾನು ಬಿಚ್ಚಿ ಕಟ್ಟಿದೆ. ಹಿತ್ತಲಿಗೆ ಬಾ, ಟೊಮೆಟೊ ಕಾಯಲ್ಲಿ ಕೈ ತಿಕ್ಕಿಕೋ ಎಂದು ಕರೆದರೆ, ಮನೆಗೆ ಹೋಗಿ ಸೋಪು ಹಾಕಿಕೊಳ್ಳುತ್ತೇನೆ ಬಿಡು, ಕಾರು ಹೊರಡುತ್ತಿದೆ ಅಂದಳು. ಅಷ್ಟು ಹೊತ್ತಿಗೆ 'ನೀವು' ಹೋಗಿ 'ನೀನು' ಬಂದಿತ್ತು.

ಹೊರಡುವಾಗ ಮೊಮ್ಮಗಳು ಅತ್ತಳು. ಆದರೆ ಎಲ್ಲ ಹುಡುಗಿಯರೂ ಅಳುವ ಅಳು ಅದು. ಮಧ್ಯೆ ಕಾರಿನೊಳಗಿಂದ ಬಿಕ್ಕಳಿಕೆ ಕೇಳಿಸಿ, ಅಳುತ್ತಲೇ ನಕ್ಕು ಹತ್ತಿದಳು. ನಾನು ಒಳಗೆ ಹೋಗಿ, ಉಳಿದ ಕಹಿ ಮುದ್ದೆಯನ್ನು ನಮ್ಮವರಿಗೆ ಬಡಿಸಿದೆ. ಚೆಲ್ಲುವುದು ಯಾಕೆ? ಎಲ್ಲರೂ ಉಂಡರು.

ಬೆಳಿಗ್ಗೆ ಹಾಲು ಕರೆದು ಮುಗಿಸುವಷ್ಟರಲ್ಲಿ ಸೊಸೆ ಫೋನು ತಂದು ನನ್ನ ಕಿವಿಗೆ ಇಟ್ಟಳು. ಮೊಮ್ಮಗಳು. ಮಾತು ಹೊರಡುತ್ತಿಲ್ಲ, ಬರೀ ನಗು. ಆ ಕಡೆ ಇನ್ನೂ ನಾಲ್ಕೈದು ಜನ ನಗುವುದು ಕೇಳಿಸಿತು. ಏನಾಯಿತು ಎಂದು ಬಿಡಿಸಿ ಬಿಡಿಸಿ ಕೇಳಿದ ಮೇಲೆ ಹೇಳಿದಳು. ಹೊಸ ಸೊಸೆ ಬಂದಿದ್ದಾಳೆ ಎಂದು ಸೋದರತ್ತೆ ಬೆಳಿಗ್ಗೆ ಬೇಗ ಎದ್ದು ತಾನೇ ಅಕ್ಕಿ ರೊಟ್ಟಿ ತಟ್ಟಿದ್ದಳಂತೆ.

"ಎಲ್ರೂ ಉಗುದ್ರು ಕಣಜ್ಜಿ. ನಾನೊಬ್ಳೆ, ಚೆನ್ನಾಗೈತೆ ಅಂತ ಇನ್ನೊಂದ್ ಆಕುಸ್ಕೊಂಡು ತಿಂದೆ."

ಅಷ್ಟರಲ್ಲಿ ಯಾರೋ ಫೋನು ಕಿತ್ತುಕೊಂಡರು. ಗಂಟಲಿನಲ್ಲೇ ಗೊತ್ತಾಯಿತು ಯಾರೆಂದು.

"ಇಸ ಕೊಟ್ಟೋಳೇ ಮದ್ದೂ ತಂದ್ಕೊಡು" ಅಂದಳು. "ಅದೇನೋ ಕಾಯಿ ಅಂದ್ಯಲ್ಲ, ತತ್ತಾ."

ಹೆಣ್ಣು ಕೊಟ್ಟ ಮನೆಗೆ ಮಾರನೆಯ ದಿನವೇ ಹೋಗಿ ನಿಲ್ಲುವುದನ್ನು ನಮ್ಮ ಕಡೆ ನಾಚಿಕೆಗೇಡು ಅನ್ನುತ್ತಾರೆ. ಕರೆದ ಮೇಲೆ ಹೋದರೆ ಅಲ್ಲ. ಹಿತ್ತಲಿಗೆ ಹೋದೆ, ಅಡುಗೆಯವರು ತುಳಿದು ಬಿಟ್ಟಿದ್ದ ಗಿಡಗಳಲ್ಲಿ ಹಸಿರು ಟೊಮೆಟೊ ಕಾಯಿ ಹುಡುಕಿ ಕಿತ್ತು ಚೀಲಕ್ಕೆ ತುಂಬಿದೆ. ಒಂದನ್ನು ಹಿಚುಕಿ ಮೊದಲು ನನ್ನ ಕೈ ತಿಕ್ಕಿಕೊಂಡೆ. ಸೊಪ್ಪು ಕಟ್ಟಲು ಕೂತಿದ್ದ ಸೊಸೆಗೆ, ಕೈ ತೊಳೆಯದೆ ಹಿಟ್ಟಿನ ಡಬ್ಬ ಮುಟ್ಟಬೇಡ ಎಂದು ಹೇಳಿ, ಕೆ.ಆರ್. ನಗರದ ಬಸ್ಸು ಹತ್ತಿದೆ.